ಮಾವನ ಕಿಟಕಿಯ ಕೆಳಗಿನ ಗಿಡ

ಸೋಪಿನ ಫ್ಯಾಕ್ಟರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಮೂಗಮ್ಮ. ಬೆನ್ನ ಹಿಂದಿನ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬಿದ್ದದ್ದಕ್ಕೆ ಬೇಜಾರೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ಹದಿನೆಂಟು ವರ್ಷದಿಂದ ಅವಳ ಕೆಲಸ ಒಂದೇ: ಹೊಸದಾಗಿ ಬಂದ ಸುಗಂಧದೆಣ್ಣೆಯಲ್ಲಿ ಒಂದು ಕಾಗದದ ಪಟ್ಟಿ ಅದ್ದಿ, ಹಳೆಯ ಮಾದರಿಯಲ್ಲಿ ಇನ್ನೊಂದು ಪಟ್ಟಿ ಅದ್ದಿ, ಎರಡನ್ನೂ ಮೂಸಿ, ಎರಡೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದು. ಮೂಗು ದಣಿದರೆ ತನ್ನದೇ ಮೊಣಕೈಯ ಮಡಿಕೆಗೆ ಮುಖ ಒತ್ತಿ ನಾಲ್ಕು ಉಸಿರು ಎಳೆದುಕೊಂಡು ಮತ್ತೆ ಶುರು.

ಆದರೆ ಅಲ್ಲಿ ಒಂದು ನಿಯಮವಿತ್ತು. ಎಷ್ಟೇ ದೊಡ್ಡ ಮೂಗಿರಲಿ, ಒಬ್ಬರ ಸಹಿ ಸಾಲದು. ಮೂವರು ಮೂಸಬೇಕು, ಮೂವರೂ ಒಪ್ಪಬೇಕು: ಅವಳು, ಉಗ್ರಾಣದ ಗುಮಾಸ್ತ, ಪ್ಯಾಕಿಂಗ್ ವಿಭಾಗದ ಹಿರಿಯಕ್ಕ. ನಿಯಮ ಮಾಡಿದವರು ದಡ್ಡರಲ್ಲ. ಎಲ್ಲರ ಮೂಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಕಸ್ತೂರಿಯ ಹಾಗಿರುವ ಒಂದು ಎಣ್ಣೆ ಬರುತ್ತಿತ್ತು; ಗುಮಾಸ್ತ ಬಾಗಿಲಲ್ಲಿರುವಾಗಲೇ ಅದನ್ನು ಹಿಡಿದುಬಿಡುತ್ತಿದ್ದ, ನಮ್ಮ ಮೂಗಮ್ಮನಿಗೆ ಅದು ಬರೀ ನೀರು. ಆ ದಿನ ಮಾತ್ರ ಅವಳು ಹಿರಿಯಕ್ಕನ ಮುಖ ನೋಡಿಕೊಂಡು ಸಹಿ ಹಾಕುತ್ತಿದ್ದಳು. ಈ ಸಂಗತಿಯನ್ನು ಮನೆಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ನಡೆಯುತ್ತಿದ್ದದ್ದು ಒಂದೇ ಮೂಗಿನ ಆಡಳಿತ. ಅಂಗಳದ ಸುಗಂಧರಾಜ ಅರಳಿದರೆ ಗಂಡನಿಗೆ ತಲೆ ಸಿಡಿಯುತ್ತಿತ್ತು. "ನಿಮ್ಮ ತಲೆನೋವಿಗೂ ಹೂವಿಗೂ ಏನ್ರೀ ಸಂಬಂಧ? ಕನ್ನಡಕದ ನಂಬರ್ ಬದಲಾಗಿರಬೇಕು, ತೋರಿಸ್ಕೊಳ್ಳಿ," ಎಂದು ಅವಳು ತೀರ್ಪು ಕೊಟ್ಟಿದ್ದಳು. ಗಂಡ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು, ಊರಿನ ಗಡಿಗಳನ್ನೆಲ್ಲ ಕೂದಲೆಳೆಯಷ್ಟು ನಿಖರವಾಗಿ ಎಳೆಯುವವನು. ಮನೆಯಲ್ಲಿ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಜಾರಿಕೊಳ್ಳುತ್ತಿದ್ದ. ಹೋಗಿ ಕನ್ನಡಕ ಬದಲಾಯಿಸಿಕೊಂಡು ಬಂದ. ತಲೆನೋವು ಹೋಗಲಿಲ್ಲ. ಪಕ್ಕದ ಮನೆಯಾಕೆ ಚೆಂಡುಹೂವಿನ ವಾಸನೆಗೆ ಮೂಗು ಮುಚ್ಚಿಕೊಂಡರೆ ಇವಳು ನಗುತ್ತಿದ್ದಳು. ಮೂರನೆಯವರು ಮಾವ. ಅವರಿಗೆ ಎಲ್ಲವೂ ಸರಿ. "ಚೆನ್ನಾಗಿದೆ ಕಣಮ್ಮ" ಎನ್ನುವುದು ಅವರ ಬಾಯಿಪಾಠ.

ಮಾವ ವಾಚ್ ರಿಪೇರಿಯವರು. ಅತ್ತೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಮತ್ತು ಇಕ್ಕಳಗಳ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮಗನ ಮನೆಗೆ ಬಂದು ಆರು ವರ್ಷವಾಗಿತ್ತು. ಅವರ ಕೋಣೆಯಲ್ಲಿ ಕಣ್ಣು ಕಟ್ಟಿಬಿಟ್ಟರೂ ಬೇಕಾದ್ದು ಕೈಗೆ ಸಿಗುತ್ತಿತ್ತು, ಅಷ್ಟು ಅಚ್ಚುಕಟ್ಟು. ಕರವಸ್ತ್ರ ನಾಲ್ಕು ಮಡಿಕೆ, ಚಪ್ಪಲಿ ಗೋಡೆಗೆ ಸಮ. ಇಂಥ ಮನುಷ್ಯನ ಮೇಲೆ ಗಲೀಜಿನ ಆರೋಪ ಹೊರಿಸಲು ಎದೆ ಬೇಕು. ಅವಳಿಗೆ ಮೂಗಿತ್ತು, ಅದೇ ಸಾಕಾಯಿತು.

ಗಿಡದ ಕಥೆ ಮೊದಲು ಹೇಳಬೇಕು. ಹಿಂದಿನ ವರ್ಷ ಮಾವನ ಕಿಟಕಿಯ ಕೆಳಗೆ ಬೇಲಿಯಂತೆ ಕತ್ತರಿಸಿ ಬೆಳೆಸಲು ಏನಾದರೂ ಬೇಕೆಂದು ಅವಳೇ ನರ್ಸರಿಗೆ ಹೋಗಿದ್ದಳು. ಮೋಡ ಮುಸುಕಿದ, ಮೈ ನಡುಗಿಸುವ ಬೆಳಗು. ಪುಟ್ಟ ಪುಟ್ಟ ಹೊಳೆಯುವ ಎಲೆಗಳ, ದಟ್ಟ ಹಸಿರಿನ, ಬಾಕ್ಸ್ ಎಂದು ಕರೆಯುವ ಬೇಲಿಗಿಡ ಕಣ್ಣಿಗೆ ಬಿತ್ತು. ಮೂಸಿದಳು. ಏನೂ ಇಲ್ಲ.

ನರ್ಸರಿಯಾಕೆಗೆ ಒಂದು ಪದ್ಧತಿಯಿತ್ತು. ಮನೆಗೆ ಅಂಟಿಕೊಂಡಂತೆ ನೆಡುವ ಗಿಡವನ್ನು, ಆ ಮನೆಯವರೆಲ್ಲ ಬಂದು ಮೂಸಿ ನೋಡುವವರೆಗೆ ಆಕೆ ಕೊಡುತ್ತಿರಲಿಲ್ಲ. ಅತ್ತೆಗೆ ಹಿಡಿಸಿದ್ದು ಸೊಸೆಗೆ ವಾಕರಿಕೆ ತರಿಸಿ, ಗಿಡ ಕುಂಡದ ಸಮೇತ ವಾಪಸು ಬಂದದ್ದನ್ನು ಆಕೆ ಎಷ್ಟು ಸಲ ನೋಡಿಲ್ಲ!

"ಮನೆಯವರನ್ನ ಕರ್ಕೊಂಡು ಬನ್ನಿ ಮೇಡಂ. ಬಿಸಿಲಿರೋ ದಿನ ಬನ್ನಿ. ಈ ಗಿಡ ಕಾದಾಗ ಒಬ್ಬೊಬ್ಬರಿಗೆ ಒಂದೊಂದು ಥರ..."

"ನಮ್ಮನೆಗೆಲ್ಲ ನನ್ನ ಒಂದು ಮೂಗು ಸಾಕಮ್ಮ," ಎಂದು ಮೂಗಮ್ಮ ನಗುತ್ತಾ ಆಕೆಯ ಮಾತು ತುಂಡರಿಸಿದ್ದಳು. "ನನ್ನ ಕೆಲಸ ಏನು ಗೊತ್ತಾ ನಿಮಗೆ?" ಕೆಲಸ ಏನೆಂದು ಐದು ನಿಮಿಷ ವಿವರಿಸಿ, ಆರು ಗಿಡ ತಂದು ಸಾಲಾಗಿ ನೆಟ್ಟಿದ್ದಳು.

ಈ ಬೇಸಿಗೆಯಲ್ಲಿ, ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದ ಒಂದು ದಿನ, ಮಾವನ ಕೋಣೆಯ ಹೊಸ್ತಿಲಲ್ಲಿ ಅವಳ ಮೂಗಿಗೆ ಮೂತ್ರದ ವಾಸನೆ ಬಡಿಯಿತು. ಸಣ್ಣಗೆ, ಆದರೆ ಖಚಿತವಾಗಿ. ಮಾವ ಕಿಟಕಿ ಪೂರ್ತಿ ತೆರೆದುಕೊಂಡು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಾರನೆಯ ದಿನವೂ ಬಂತು. ಗಂಡನನ್ನು ಕರೆದು ನಿಲ್ಲಿಸಿದಳು.

"ನಂಗೇನೂ ಬರ್ತಿಲ್ವಲ್ಲೇ," ಎಂದ ಗಂಡ.

"ನಿಮಗೆ ಅನ್ನ ಸೀದುಹೋದ್ರೂ ಬರಲ್ಲ. ಮಾವಂಗೆ ವಯಸ್ಸಾಯ್ತು ರೀ. ತಡೀಲಾರದೆ ಆಗ್ತಿರಬೇಕು. ಹೇಳ್ಕೊಳೋಕೆ ನಾಚಿಕೆ ಪಾಪ."

ಆ 'ಪಾಪ' ಎನ್ನುವ ಮಾತಿನಲ್ಲಿ ಅವಳಿಗೆ ನಿಜವಾಗಿಯೂ ಕನಿಕರವಿತ್ತು, ಅದನ್ನು ಇಲ್ಲ ಎನ್ನಬಾರದು. ಕೆಟ್ಟವಳಲ್ಲ ಅವಳು. ಆದರೆ ತನ್ನ ಮೂಗಿನ ನೇರಕ್ಕೆ ಲೋಕವನ್ನು ಅಳೆಯುವವರ ಕನಿಕರ ಬೈಗುಳಕ್ಕಿಂತ ಹೆಚ್ಚು ಸುಡುತ್ತದೆ. ಮೆಲ್ಲಗೆ, ಮಗುವಿಗೆ ಹೇಳುವ ದನಿಯಲ್ಲಿ ಮಾವನಿಗೆ ಹೇಳಿದಳು. ಮಾವ ಪೇಪರ್ ಮಡಚಿಟ್ಟರು.

"ನಂಗೆ ಗೊತ್ತಾಗ್ಲೇ ಇಲ್ವಲ್ಲಮ್ಮ," ಎಂದರು.

"ಗೊತ್ತಾಗಲ್ಲ ಮಾವ, ಈ ವಯಸ್ಸಲ್ಲಿ. ನನ್ನ ಮೂಗು ಸುಳ್ಳು ಹೇಳಲ್ಲ."

ಮಾವ ಒಪ್ಪಿಕೊಂಡರು. ಮೂಗಮ್ಮನ ಮೂಗು ಫ್ಯಾಕ್ಟರಿಯೇ ನಂಬುವ ಮೂಗು, ಅದರೆದುರು ಒಬ್ಬ ಮುದುಕನ ಮಾತೇನು? ಹಾಸಿಗೆಗೆ ರಬ್ಬರ್ ಶೀಟ್ ಬಂತು, ಸಂಜೆಯ ಚಹಾ ನಿಂತಿತು. ಡಾಕ್ಟರು ಕೇಳಿದ್ದಕ್ಕೆಲ್ಲ ಸೊಸೆಯೇ ಉತ್ತರ ಕೊಟ್ಟಳು, ಅವರು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಗೆ ಮಾವನ ಬಾಯಿ ಒಣಗಿ ಮಾತು ತಡವರಿಸತೊಡಗಿತು. ನಾದಿನಿಗೆ ಫೋನಿನಲ್ಲಿ, "ಏನು ಮಾಡೋದು, ನಿಮ್ಮಪ್ಪನ ಕೋಣೆಗೆ ಕಾಲಿಡೋ ಹಾಗಿಲ್ಲ," ಎಂದಳು. ನಡುವೆ ಇದ್ದದ್ದು ಒಂದು ಪರದೆ. ಪರದೆಗೆ ಮಾತು ತಡೆಯುವ ಶಕ್ತಿಯಿಲ್ಲ ಎಂದು ಅವಳಿಗೆ ತಿಳಿಯದ್ದಲ್ಲ.

ಅದಾದ ಮೇಲೆ ಮಾವ ನಡುಮನೆಯ ಸೋಫಾದಲ್ಲಿ ಕೂರುವುದನ್ನು ಬಿಟ್ಟರು. ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು, ಪ್ಲಾಸ್ಟಿಕ್ಕಾದರೆ ಒರೆಸಬಹುದಲ್ಲ. ಪಾರ್ಕಿನ ಗೆಳೆಯರ ಬಳಿ ಹೋಗುವುದು ನಿಂತಿತು. ನಸುಕಿನಲ್ಲೇ ಎದ್ದು ತಾವೇ ಬೆಡ್‌ಶೀಟ್ ಒಗೆದು ಹಾಕತೊಡಗಿದರು. ಏಳುವಾಗ, ಕೂರುವಾಗ, ಬಲಗೈ ಬೆನ್ನ ಹಿಂದೆ ಹೋಗಿ ಪೈಜಾಮವನ್ನು ಮುಟ್ಟಿ ನೋಡಿಕೊಂಡು ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ದಿನಾ ಕಳ್ಳ ಕಳ್ಳ ಎಂದು ಕೇಳಿದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡುವಂತಿಲ್ಲ, ಏಕೆಂದರೆ ಮುಂದೆ ಅವಳ ನಿದ್ದೆ ಕೆಡಿಸಿದ್ದು ಅದೇ. ಮಾವ ತಾವೇ ಒಗೆಯಲು ಶುರುಮಾಡುವ ಮೊದಲು, ಒಂದು ಗುರುವಾರ, ಅವರು ಸ್ನಾನಕ್ಕೆ ಹೋಗಿದ್ದಾಗ ಅವಳು ಬೆಡ್‌ಶೀಟ್ ಎತ್ತಿ ಮೂಗಿಗೆ ಹಿಡಿದಿದ್ದಳು. ಬರೀ ಸೋಪು, ಬಿಸಿಲು. 'ಇವತ್ತು ಗುಟ್ಟಾಗಿ ತಾವೇ ಒಗೆದಿರಬೇಕು' ಎಂದುಕೊಂಡಳು. ಆದರೆ ಸೋಮವಾರ ಮಾವ ಚೆಲ್ಲಿಕೊಂಡ ಚಹಾದ ಕಲೆ ಅಂಚಿನಲ್ಲಿ ಹಾಗೇ ಇತ್ತು, ನಾಣ್ಯದಷ್ಟು ದುಂಡಗೆ. ಕಲೆಯನ್ನು ಅವಳು ನೋಡಿದಳು. ನೋಡಿ, ಶೀಟನ್ನು ಮತ್ತೆ ಹಾಸಿ, ಸುಕ್ಕು ತೀಡಿ, ಹೊರಗೆ ಬಂದಳು.

ಕೊನೆಗೆ ಮಾವನನ್ನು ಹಿಂದಿನ ಕೋಣೆಗೆ ಸಾಗಿಸಿದರು. ಅದು ಹಳೆಯ ಟ್ರಂಕು, ಮುರಿದ ಫ್ಯಾನು ಇಡುತ್ತಿದ್ದ ಜಾಗ. ಕಿಟಕಿಯ ಬದಲು ಗೋಡೆಯ ಮೇಲ್ಗಡೆ ಒಂದು ಗವಾಕ್ಷಿ. ಸಿಮೆಂಟಿನ ನೆಲ, ತೊಳೆಯುವುದು ಸುಲಭ. "ಇಲ್ಲಿ ತಂಪಾಗಿದೆ, ಚೆನ್ನಾಗಿದೆ ಕಣಮ್ಮ," ಎಂದರು ಮಾವ. ಇಕ್ಕಳಗಳ ಪೆಟ್ಟಿಗೆಯನ್ನು ಟ್ರಂಕಿನ ಮೇಲೆ ಇಟ್ಟರು, ಅಂಚಿಗೆ ಸಮನಾಗಿ.

ಖಾಲಿಯಾದ ಕೋಣೆಯನ್ನು ಮೂಗಮ್ಮ ಫಿನಾಯಿಲ್ ಹಾಕಿ ಉಜ್ಜಿಸಿದಳು. ಹಾಸಿಗೆ ಹೊರಗೆ ಹೋಯಿತು, ಗೋಡೆಗೆ ಸುಣ್ಣವಾಯಿತು. ಒಂದು ವಾರ ಬರೀ ಫಿನಾಯಿಲ್ ವಾಸನೆ. ಎಂಟನೆಯ ದಿನ ಮಧ್ಯಾಹ್ನ ಬಾಗಿಲು ತೆರೆದರೆ, ಮಂಚವೂ ಇಲ್ಲದ, ಮನುಷ್ಯನೂ ಇಲ್ಲದ ಕೋಣೆಯಲ್ಲಿ ಮೂತ್ರದ ವಾಸನೆ ಅವಳಿಗಾಗಿ ಕಾಯುತ್ತಿತ್ತು.

ನೆಲಕ್ಕೆ ಇಳಿದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಭಾನುವಾರದವರೆಗೆ ಆ ಸಮಾಧಾನ ಬಾಳಿತು. ಭಾನುವಾರ ಗಂಡ ದೊಡ್ಡ ಕತ್ತರಿ ಹಿಡಿದು ಬೇಲಿಯ ತಲೆ ಸಮ ಮಾಡಲು ನಿಂತ. ಉರಿಬಿಸಿಲು. ಕತ್ತರಿ ಕಚಕ್ ಎಂದಾಗಲೆಲ್ಲ ವಾಸನೆ ಕಿಟಕಿಯಿಂದ ಅಲೆ ಅಲೆಯಾಗಿ ಒಳಗೆ ಬಂತು. ಅವಳು ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಓಡಿದಳು. ಕತ್ತರಿಸಿ ಬಿದ್ದ ಒಂದು ಹಿಡಿ ಎಲೆ ತೆಗೆದುಕೊಂಡು ಮೂಗಿಗೆ ಒತ್ತಿದಳು. ಮೊಣಕೈಯ ಮಡಿಕೆಗೆ ಮುಖ ಇಟ್ಟು ನಾಲ್ಕು ಉಸಿರು ಎಳೆದು, ಮತ್ತೊಮ್ಮೆ ಎಲೆಯನ್ನು ಒತ್ತಿದಳು. ಎರಡು ಪಟ್ಟಿಯೂ ಒಂದೇ. ಅದರಲ್ಲಿ ಅನುಮಾನವಿರಲಿಲ್ಲ.

"ಇದಕ್ಕೇನ್ರೀ ವಾಸನೆ?" ಎಂದು ಗಂಡನ ಮುಖಕ್ಕೆ ಎಲೆ ಹಿಡಿದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಗಂಡ ಮೂಸಿದ. "ಸೊಪ್ಪಿನ ವಾಸನೆ. ಯಾಕೆ?"

ಸೋಮವಾರ ಪಾಳಿಗೆ ಹೋಗುವ ಮೊದಲು ನರ್ಸರಿಗೆ ಹೋದಳು. ನರ್ಸರಿಯಾಕೆ ಜಂಬ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಹೂಂ ಮೇಡಂ, ಕಾದಾಗ ಕೆಲವರಿಗೆ ಬೆಕ್ಕು ಉಚ್ಚೆ ಹೊಯ್ದ ಹಾಗೆ ಬರುತ್ತೆ. ಕೆಲವರಿಗೆ ಏನೂ ಇಲ್ಲ. ಇನ್ನು ಕೆಲವರು ಇದರ ವಾಸನೆಗೇ ಅಂತ ತಗೊಂಡು ಹೋಗ್ತಾರೆ. ಅದಕ್ಕೇ ಅಲ್ವಾ ಎಲ್ಲರನ್ನೂ ಕರ್ಕೊಂಡು ಬನ್ನಿ ಅಂದಿದ್ದು?"

ಅಂದು ಫ್ಯಾಕ್ಟರಿಯಲ್ಲಿ ಕಸ್ತೂರಿ ಎಣ್ಣೆ ಬಂದಿತ್ತು. ಹಿರಿಯಕ್ಕ ಸಹಿ ಹಾಕಿ ಹಾಳೆ ಮುಂದೆ ತಳ್ಳಿದಳು. ಮೂಗಮ್ಮ ಪೆನ್ನು ಹಿಡಿದವಳು ಹಾಗೇ ಕೂತುಬಿಟ್ಟಳು. ಸೋಪಿನ ಎಣ್ಣೆಗೆ ಮೂವರನ್ನು ಕೇಳುವವಳು ಮಾವನ ಮಾನಕ್ಕೆ ಒಬ್ಬರನ್ನೂ ಕೇಳಲಿಲ್ಲ. ಗಂಡನೊಬ್ಬ ವಾಸನೆ ಬರ್ತಿಲ್ಲ ಎಂದಿದ್ದ, ಅವನನ್ನು ಗದರಿಸಿ ಕಳಿಸಿದ್ದಳು. ಎದುರಿಗೆ ಭೂಮಿ ಬಾಯಿಬಿಟ್ಟಿದ್ದರೆ ಪೆನ್ನು ಸಮೇತ ಇಳಿದುಹೋಗುತ್ತಿದ್ದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ದೀಪವನ್ನು ಎಂದಿನ ಅಡ್ಡಗೋಡೆಯ ಮೇಲೇ ಇಟ್ಟ.

"ಹೇಳಿದ್ರೆ ಅಪ್ಪಂಗೆ ಇನ್ನೂ ನೋವು. ನಿಂಗೂ ಅವಮಾನ. ಗಿಡ ಕಿತ್ತುಹಾಕೋಣ. ಮಾತ್ರೆ ಕೆಲಸ ಮಾಡ್ತು ಅಂದ್ರೆ ಮುಗೀತು."

ಎಷ್ಟು ಸುಲಭ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಆ ಸುಲಭಕ್ಕೆ ಜೋತುಬಿದ್ದಳು, ಅದನ್ನೂ ಹೇಳಲೇಬೇಕು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಟ್ರಂಕಿನ ಕಡೆ ನೋಡುತ್ತಾ, "ಮಾವ, ಈಗ ವಾಸನೆ ಇಲ್ಲ. ಮಾತ್ರೆ ಕೆಲಸ ಮಾಡಿದೆ," ಎಂದಳು.

ಮಾವನ ಮುಖ ಅರಳಿತು. ಎಷ್ಟೋ ವಾರದ ಮೇಲೆ ಅವರು ಅವಳ ಕಣ್ಣನ್ನು ನೇರವಾಗಿ ನೋಡಿದರು.

"ಹೌದಾ? ನಿಜವಾಗ್ಲೂ?" ಒಣಗಿದ ನಾಲಿಗೆ ತಡವರಿಸಿತು. "ನಂಗೆ ಎಷ್ಟು ಭಯ ಆಗಿತ್ತು ಗೊತ್ತೇನಮ್ಮ? ಮೈ ನನ್ನ ಮಾತು ಕೇಳ್ತಿಲ್ವಲ್ಲ, ನಾಳೆ ತಲೇನೂ ಹೀಗೇ ಆದ್ರೆ ಅಂತ. ಎಲ್ಲಾ ನಿನ್ನಿಂದಾನೇ. ಬೇರೆ ಸೊಸೆ ಆಗಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ಲು. ನೀನು ಡಾಕ್ಟರ ಹತ್ರ ಕರ್ಕೊಂಡು ಹೋದೆ. ನಿನ್ನ ಋಣ ತೀರಿಸೋಕಾಗಲ್ಲ."

ಅವಳಿಗೆ ನಿಲ್ಲಲಾಗಲಿಲ್ಲ. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಹಿಂದೆ ಅತ್ತಳು. ಕದ್ದ ಮಾಲಿಗೆ ಯಜಮಾನನಿಂದಲೇ ಬಹುಮಾನ ತೆಗೆದುಕೊಂಡ ಹಾಗಾಗಿತ್ತು. ಮುಂದಿನ ಎರಡು ದಿನವೂ ಮಾವ ಹೊತ್ತು ತಪ್ಪದೆ ಮಾತ್ರೆ ನುಂಗಿದರು.

ಮೂರನೆಯ ದಿನ ಮಧ್ಯಾಹ್ನ ಮಾವ ಹೊಸ ಮಾತ್ರೆಯ ಪಟ್ಟಿ ಹಿಡಿದುಕೊಂಡಿದ್ದರು. "ಇನ್ನೂ ಮೂರು ತಿಂಗಳು ತಗೋತೀನಿ ಕಣಮ್ಮ. ಬಾಯಿ ಒಣಗಿದ್ರೆ ಒಣಗ್ಲಿ. ಮತ್ತೆ ಶುರುವಾಗೋದು ಬೇಡ."

"ತಗೋಬೇಡಿ ಮಾವ," ಎಂದಳು. ಪಟ್ಟಿಯನ್ನು ಅವರ ಕೈಯಿಂದ ಕಿತ್ತುಕೊಂಡಳು ಎಂದೇ ಹೇಳಬೇಕು. "ನೀವು ಏನೂ ಮಾಡಿಲ್ಲ. ಅದು ಗಿಡ. ನಾನು ತಂದ ಗಿಡ."

ಮಾವನಿಗೆ ಅರ್ಥವಾಗಲಿಲ್ಲ. ಅವಳು ಸಿಮೆಂಟಿನ ನೆಲದ ಮೇಲೆ ಕೂತು ಮೊದಲಿನಿಂದ ಹೇಳಿದಳು: ನರ್ಸರಿ, ಬಿಸಿಲು, ಖಾಲಿ ಕೋಣೆ, ಕತ್ತರಿ, ಮಾತ್ರೆಯ ಸುಳ್ಳು. ತಲೆ ಎತ್ತಲಿಲ್ಲ.

"ಆ ಬೇಲಿಯ ವಾಸನೆಗೆ ಅಂತಲೇ ನಾನು ಕಿಟಕಿ ತೆಗೆದಿಡ್ತಿದ್ದೆ," ಎಂದರು ಮಾವ. "ನಿಮ್ಮತ್ತೆಯ ತವರುಮನೆ ಮುಂದೆ ಇದೇ ಗಿಡದ ಬೇಲಿ ಇತ್ತು. ಮದುವೆಗೆ ಮುಂಚೆ ಅವಳನ್ನ ನೋಡೋಕೆ ಹೋದಾಗ ಅವರಪ್ಪ ಬಂದುಬಿಟ್ರೆ, ಅದರ ಹಿಂದೆ ಕೂತುಬಿಡ್ತಿದ್ದೆ. ಒಂದ್ಸಲ ಒಂದೂವರೆ ಗಂಟೆ ಕೂತಿದ್ದೆ. ನಂಗೆ ಅದು ಅವಳದೇ ವಾಸನೆ." ನಕ್ಕರು. ನಗು ಅರ್ಧಕ್ಕೆ ನಿಂತಿತು. "ಆದ್ರೂ ಒಂದೆರಡು ಸಲ ಆಗಿರಬಹುದಮ್ಮ. ನಿನ್ನ ಮೂಗು ಅಷ್ಟೊಂದು ತಪ್ಪಲ್ಲ. ನೀನು ಬೇಜಾರು ಮಾಡ್ಕೋಬೇಡ."

ಇಷ್ಟಕ್ಕೇ ಅವಳು ತಲೆಯಾಡಿಸಿ ಎದ್ದುಬಿಡಬಹುದಿತ್ತು. ಅವಳ ಮುಖ ಉಳಿಯಲಿ ಎಂದು ಮುದುಕ ತನ್ನ ಮೇಲೇ ಮತ್ತೆ ಕೊಳೆ ಸುರಿದುಕೊಂಡು ದಾರಿ ಬಿಟ್ಟುಕೊಟ್ಟಿದ್ದರು.

"ಆಗಿಲ್ಲ ಮಾವ," ಎಂದಳು. "ಒಂದು ಸಲಾನೂ ಆಗಿಲ್ಲ. ನೀವು ಸ್ನಾನಕ್ಕೆ ಹೋದಾಗ ನಾನು ನಿಮ್ಮ ಬೆಡ್‌ಶೀಟ್ ಮೂಸಿ ನೋಡಿದ್ದೆ. ಏನೂ ಇರಲಿಲ್ಲ. ಚಹಾದ ಕಲೆ ಹಾಗೇ ಇತ್ತು, ಒಗೆದಿರಲಿಲ್ಲ. ನಂಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗೋದು ನಂಗೆ ಬೇಕಿರಲಿಲ್ಲ."

ಮಾವ ಅವಳನ್ನೇ ನೋಡಿದರು. ಗಡಿಯಾರದ ಹೊಟ್ಟೆ ಬಿಚ್ಚಿ ಯಾವ ಹಲ್ಲು ಮುರಿದಿದೆ ಎಂದು ನೋಡುವವರ ನೋಟ ಅದು; ಕೋಪವಿರಲಿಲ್ಲ, ಬೇಗ ಕಣ್ಣು ತೆಗೆಯಲೂ ಇಲ್ಲ. ಆಮೇಲೆ ಅವಳ ತಲೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು. "ಸರಿ. ಹೇಳಿದೆಯಲ್ಲ," ಎಂದರು.

ಸಂಜೆ ಗಂಡ ಗುದ್ದಲಿ ಹಿಡಿದು ಬೇಲಿಯ ಹತ್ತಿರ ಹೋದಾಗ ಅವಳೇ ತಡೆದಳು. ಗಿಡ ಇರಲಿ, ಬೇಕಾದರೆ ಸುಗಂಧರಾಜ ತೆಗೆದುಬಿಡಿ ಎಂದಳು. ಬಿಸಿಲು ಕಾದ ಪ್ರತಿ ಮಧ್ಯಾಹ್ನ ಆ ಮೂತ್ರದ ವಾಸನೆ ಬರುತ್ತದೆ, ಅವಳಿಗೊಬ್ಬಳಿಗೇ ಬರುತ್ತದೆ. ಬರಲಿ. ಅವಳೇ ನಾದಿನಿಗೆ ಫೋನ್ ಮಾಡಿ, ಮಾವನಿಗೆ ಕೇಳುವ ಹಾಗೆ ಗಟ್ಟಿಯಾಗಿ, ತಪ್ಪು ತನ್ನದು ಎಂದಳು. ಮಂಚ ಹಳೆಯ ಕೋಣೆಗೆ ವಾಪಸು ಬಂತು, ಹೊಸ ಹಾಸಿಗೆಯ ಜೊತೆ. ರಬ್ಬರ್ ಶೀಟನ್ನು ಕಸದವನಿಗೆ ಕೊಟ್ಟಳು. ನಿಂತುಹೋಗಿದ್ದ ಸಂಜೆಯ ಚಹಾವನ್ನು ದೊಡ್ಡ ಲೋಟದಲ್ಲಿ ಮಾಡಿ, ನಡುಮನೆಯಲ್ಲಿ ಸೋಫಾದ ಪಕ್ಕ ಇಟ್ಟು, "ಬನ್ನಿ ಮಾವ," ಎಂದು ಕರೆದಳು.

ಮಾವ ಬಂದರು. ಕೈಯಲ್ಲಿ ಸ್ಟೂಲ್ ಇರಲಿಲ್ಲ. ಕಿಟಕಿಯಾಚೆಯ ಬೇಲಿಯ ಕಡೆ ನೋಡಿ ಚೂರು ನಕ್ಕರು. ಮಗನಿಗೆ ಏನೋ ತಮಾಷೆ ಮಾಡಿದರು, ಬೇಲಿ ಡೊಂಕಾಗಿದೆ, ನಕ್ಷೆ ಬರೆಯೋನು ನೀನು ಎಂದು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಮಾವ ಸೋಫಾಕ್ಕೆ ಬೆನ್ನು ಮಾಡಿ ನಿಂತರು. ಕೂರುವ ಮೊದಲು, ಅವರಿಗೇ ತಿಳಿಯದ ಹಾಗೆ, ಅವರ ಬಲಗೈ ಹಿಂದೆ ಹೋಗಿ ಪೈಜಾಮವನ್ನು ಮುಟ್ಟಿ ನೋಡಿತು.